ಚಂದ್ರಕ್ಕನ ಹೆಸರಿನ ಮುಂದಿನ ಖಾಲಿ ಜಾಗ

ಅರುವತ್ತು ದಾಟಿದ ಮೇಲೆ ಡೇಟಾಬೇಸ್ ಕಟ್ಟಲು ಕಲಿತವನು ಇಡೀ ತಿರುವನಂತಪುರದಲ್ಲಿ ನಾನೊಬ್ಬನೇ. ಇದನ್ನು ನಾನು ಹೇಳುತ್ತಿಲ್ಲ, ಊರು ಹೇಳುತ್ತದೆ. ಊರಿಗೆ ಹೇಳಿದವನು ನಾನು, ಅಷ್ಟೆ. ತಿರುವನಂತಪುರದಿಂದ ಕೊಚ್ಚಿಯವರೆಗೆ ನೆಲೆಸಿರುವ ಕಾಸರಗೋಡಿನ ಕನ್ನಡಿಗರೆಲ್ಲ ನಾನು ಕಟ್ಟಿದ ಡೇಟಾಬೇಸಿನೊಳಗೆ ಇದ್ದರು, ಹತ್ತು ಸಾವಿರಕ್ಕೆ ಕಡಿಮೆಯಿಲ್ಲ. ಪರದೆಯ ಅಡಿಯಲ್ಲಿ ಅದು ತಾನಾಗಿಯೇ ತೋರಿಸುವ ಸಂಖ್ಯೆ ಮಾತ್ರ 612 ಎನ್ನುತ್ತಿತ್ತು. ಯಂತ್ರಗಳಿಗೆ ಉದಾರತೆ ಇಲ್ಲ.

ಅಷ್ಟು ಜನರಲ್ಲಿ ನನ್ನ ಮಗಳು ಮೇಧಾಳ ಮದುವೆಗೆ ಒಬ್ಬರನ್ನು ಕರೆಯುವುದು ಬಿಟ್ಟುಹೋಯಿತು. ಬಿಟ್ಟುಹೋದವಳು ಚಂದ್ರಕ್ಕ. ಅದು ನನಗೆ ಗೊತ್ತಾದಾಗ ಮದುವೆಗೆ ಒಂಬತ್ತು ದಿನ ಉಳಿದಿತ್ತು, ಆ ಒಂಬತ್ತು ದಿನದಲ್ಲಿ ಅವಳನ್ನು ಮದುವೆಗೆ ಕರೆದು ತರಲಾಗುತ್ತದೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆಯಾಯಿತು.

ಚಂದ್ರಾವತಿ ನನ್ನ ದೊಡ್ಡಪ್ಪನ ಮಗಳು, ನನಗಿಂತ ಏಳು ವರ್ಷ ದೊಡ್ಡವಳು. ಮೂವತ್ತನಾಲ್ಕು ವರ್ಷಗಳ ಹಿಂದೆ ಗಂಡನ ಮನೆಯಿಂದ ಒಂದು ಚೀಲ ಹಿಡಿದು ಹೊರಗೆ ಬಂದಳು. ಯಾಕೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಎರ್ನಾಕುಳಂನ ಕೋರ್ಟಿನಲ್ಲಿ ಟೈಪಿಸ್ಟ್ ಕೆಲಸ ಹಿಡಿದು ಹತ್ತಿರದ ಆಲುವದಲ್ಲಿ ಎರಡು ಕೋಣೆಯ ಮನೆ ಮಾಡಿದಳು. ಮರುವರ್ಷ ನಾನು ಪಿಎಸ್‌ಸಿ ಪರೀಕ್ಷೆಗೆ ಓದಲೆಂದು ಆ ಎರಡು ಕೋಣೆಗೆ ಬಂದು ಸೇರಿದೆ, ಎರಡು ವರ್ಷ ಅಲ್ಲಿಯೇ ಉಂಡೆ. ನನ್ನಂತೆಯೇ ಊರಿನಿಂದ ಕೇಸಿಗೆ, ಆಸ್ಪತ್ರೆಗೆ, ಇಂಟರ್‌ವ್ಯೂಗೆ ಎಂದು ಬಂದವರಿಗೆಲ್ಲ ಅದೇ ಬಾಗಿಲು. ನಮ್ಮವರು ಎಲ್ಲೆಲ್ಲಿ ಇದ್ದಾರೆ, ಯಾರಿಗೆ ಮಗು ಹುಟ್ಟಿತು, ಯಾರು ತೀರಿಕೊಂಡರು ಎಂಬುದೆಲ್ಲ ಅವಳ ಮೂರು ನೋಟ್‌ಬುಕ್ಕುಗಳಲ್ಲಿ ಇತ್ತು. ಒಂದು ಮನೆಗೆ ಒಂದು ಪುಟ. ನಾನು ಡೇಟಾಬೇಸ್ ಕಟ್ಟುತ್ತೇನೆ ಎಂದಾಗ ಆ ಮೂರನ್ನೂ ಕಂದು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟವಳೂ ಅವಳೇ.

ಇನ್ನು ನಾನು ಕಲಿತ ಕಥೆ. ಸೆಕ್ರೆಟರಿಯೇಟಿನಲ್ಲಿ ಕನ್ನಡ ಅನುವಾದಕನಾಗಿ ದುಡಿದು ನಿವೃತ್ತನಾದವನು ನಾನು. ನಾನು ಹೊರಟ ದಿನ ಆಕಾಶವೇ ಗೋಳೋ ಎಂದು ಅತ್ತಿತು. ಅದು ಮೇ ಮೂವತ್ತೊಂದು, ಮಳೆ ಬರಬೇಕಾದ ದಿನವೇ ಎಂದು ನನ್ನ ಹೆಂಡತಿ ಧನಶ್ರೀ ತಿದ್ದುತ್ತಾಳೆ. ಅವಳು ಮೈಸೂರಿನವಳು, ಬ್ಯಾಂಕಿನಲ್ಲಿದ್ದವಳು, ಎಲ್ಲವನ್ನೂ ತಿದ್ದುತ್ತಾಳೆ. ಮನೆಯಲ್ಲಿ ಕೂತು ಅವಳನ್ನು ನಾನು ತಿದ್ದಲು ಹೊರಟಾಗ ಅವಳೇ ನನ್ನನ್ನು ನಮ್ಮ ರೆಸಿಡೆಂಟ್ಸ್ ಅಸೋಸಿಯೇಷನ್ನಿನ ಮಹಡಿಯ ಮೇಲಿನ ಕಂಪ್ಯೂಟರ್ ತರಗತಿಗೆ ಅಟ್ಟಿದಳು.

ಪಾಠ ಹೇಳುತ್ತಿದ್ದವರು ಜಾಯ್ಸ್ ಟೀಚರ್, ಪಾಲಿಟೆಕ್ನಿಕ್ಕಿನಲ್ಲಿ ಕಲಿಸಿ ನಿವೃತ್ತರಾದವರು. ಶನಿವಾರ ಮಧ್ಯಾಹ್ನ, ಆರು ಜನ, ನಾಲ್ಕು ಕಂಪ್ಯೂಟರ್. ಇಂಟರ್ನೆಟ್ ಬೇಡದ, ನಮ್ಮ ನಮ್ಮ ಕಂಪ್ಯೂಟರಿನಲ್ಲೇ ಕೂತು ಕೆಲಸ ಮಾಡುವ ಸಾಫ್ಟ್‌ವೇರು. ಮೊದಲ ದಿನವೇ ಹೌದು–ಅಲ್ಲ ಎಂದು ಟಿಕ್ ಹಾಕುವ ಕಾಲಂ ಮಾಡುವುದು ಕಲಿಸಿದರು. ಅಭ್ಯಾಸಕ್ಕೆಂದು ನಾನು ನಮ್ಮ ಬೀದಿಯವರದ್ದೇ ಒಂದು ಟೇಬಲ್ ಮಾಡಿ, ‘ಗೊರಕೆ’ ಮತ್ತು ‘ಸುಳ್ಳು’ ಎಂದು ಎರಡು ಕಾಲಂ ಇಟ್ಟು ಎಲ್ಲರಿಗೂ ಟಿಕ್ ಹಾಕಿದೆ. ಅಸೋಸಿಯೇಷನ್ನಿನ ಅಧ್ಯಕ್ಷರಿಗೆ ಎರಡರಲ್ಲೂ ಬಿತ್ತು. ಆ ಟೇಬಲ್ ಪ್ರಿಂಟ್ ಆಗಿ ಕೆಳಗಿನ ನೋಟೀಸ್ ಬೋರ್ಡಿಗೆ ಹೇಗೆ ಹೋಯಿತು ಎಂಬುದು ಇವತ್ತಿಗೂ ಬಗೆಹರಿಯದ ರಹಸ್ಯ. ಟೀಚರ್ ನನ್ನನ್ನು ಮಾತ್ರ ನೋಡುತ್ತಾ, ಕಲಿತದ್ದನ್ನು ಇನ್ನು ಮುಂದೆ ಯಾರಿಗಾದರೂ ಉಪಯೋಗಕ್ಕೆ ಬರುವ ಕೆಲಸಕ್ಕೆ ಬಳಸಿ ಎಂದರು. ಹಾಗೆ ಶುರುವಾದದ್ದು ನನ್ನ ಮಹಾಕಾರ್ಯ.

ಕಲಿಯುವಾಗ ನನಗೆ ಹಿಡಿಸಿದ್ದು ಅದರ ಶಿಸ್ತು. ಒಂದು ಟೇಬಲಿನಲ್ಲಿ ಒಂದೇ ಬಗೆಯ ವಿಷಯ ಇರಬೇಕು. ಜನರದ್ದೊಂದು ಟೇಬಲ್, ಮನೆಗಳದ್ದೊಂದು ಟೇಬಲ್. ಪ್ರತಿಯೊಬ್ಬರಿಗೂ ಇನ್ನೊಬ್ಬರಿಗಿಲ್ಲದ ಒಂದು ನಂಬರ್. ಆಮೇಲೆ ಒಂದು ಗೆರೆ ಎಳೆದು, ಈ ಮನುಷ್ಯ ಈ ಮನೆಯವನು ಎಂದು ಎರಡನ್ನೂ ಜೋಡಿಸಬೇಕು. ಕಾಸರಗೋಡಿನವನಿಗೆ ಇದನ್ನು ಕಲಿಸಬೇಕೆ? ನಾವು ಒಬ್ಬನನ್ನು ಕಂಡ ಕೂಡಲೇ ಹೆಸರಿಗೂ ಮೊದಲು ಕೇಳುವುದು ಯಾವ ಮನೆ ಎಂದು. ಟೀಚರ್ ಹೇಳಿಕೊಟ್ಟ ಹಾಗೆ ‘ಮನೆ’ ಎಂಬ ಕಾಲಮಿಗೆ ‘ಕಡ್ಡಾಯ’ ಎಂದು ಹಾಕಿದೆ. ಮನೆ ಬರೆಯದೆ ಯಾವ ಹೆಸರನ್ನೂ ಅದು ಒಳಗೆ ತೆಗೆದುಕೊಳ್ಳುತ್ತಿರಲಿಲ್ಲ.

ನೋಟ್‌ಬುಕ್ಕುಗಳ ಒಂದೊಂದೇ ಪುಟ ಟೈಪ್ ಮಾಡುತ್ತ ಮೂರು ತಿಂಗಳು ಕಳೆಯಿತು. ಬೆರಳುಗಳು ಸವೆದು ಆಧಾರ್ ಯಂತ್ರವೂ ನನ್ನನ್ನು ಗುರುತಿಸದಂತಾಯಿತು. ಮೂರನೆಯ ಪುಸ್ತಕದ ಕೊನೆಯ ಪುಟದಲ್ಲಿ ಮನೆಯ ಹೆಸರು ಇರಲಿಲ್ಲ. ಮೇಲಿನ ಗೆರೆ ಖಾಲಿ. ಕೆಳಗೆ ಅವಳದ್ದೇ ಅಕ್ಷರದಲ್ಲಿ ಒಂದೇ ಹೆಸರು: ಚಂದ್ರಾವತಿ, ಆಲುವ.

ನಾನು ಅದನ್ನೇ ಟೈಪ್ ಮಾಡಿದೆ. ಕಂಪ್ಯೂಟರು ತೆಗೆದುಕೊಳ್ಳಲಿಲ್ಲ; ಮನೆ ಎಲ್ಲಿ ಎಂದು ಕೇಳಿತು. ಯೋಚಿಸುತ್ತ ಕೂತೆ. ನಮ್ಮ ಬೈಲುಮೂಲೆ ಮನೆ ಎಂದು ಹಾಕೋಣವೇ? ಮದುವೆ ಮಾಡಿ ಕೊಟ್ಟ ಹೆಣ್ಣನ್ನು ನಮ್ಮಲ್ಲಿ ತವರಿನ ಪುಟದಲ್ಲಿ ಬರೆಯುವುದಿಲ್ಲ. ಅವಳೇ ಬರೆದುಕೊಂಡಿರಲಿಲ್ಲ. ಗಂಡನ ಮನೆ ಎಂದು ಹಾಕಿದರೆ, ಬಿಟ್ಟು ಬಂದ ಕಡೆಗೆ ನಾನೇ ಕೈಹಿಡಿದು ಕರೆದುಕೊಂಡು ಹೋಗಿ ಬಿಟ್ಟ ಹಾಗೆ. ಫೋನು ಪಕ್ಕದಲ್ಲೇ ಇತ್ತು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ನಾನು ಕೇಳಲಿಲ್ಲ. ಟೇಬಲಿನ ಒಳಗೆ ಹೋಗಿ, ‘ಕಡ್ಡಾಯ’ ಎಂಬಲ್ಲಿ ‘ಅಲ್ಲ’ ಎಂದು ಮಾಡಿ ಅವಳ ಹೆಸರು ಸೇರಿಸಿದೆ. ಎಂಥ ಬುದ್ಧಿವಂತಿಕೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ನಮ್ಮ ಕಡೆ ಮದುವೆಗೆ ಕರೆಯುವುದನ್ನು ಹೇಳಿಕೆ ಎನ್ನುತ್ತೇವೆ. ಗಂಡ ಹೆಂಡತಿ ಇಬ್ಬರೂ ಹೋಗಿ, ಮನೆಯ ಹೆಸರು ಹಿಡಿದು, ಇಂಥ ಮನೆಯವರೆಲ್ಲ ಬಂದು ನಡೆಸಿಕೊಡಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಕಾಗದ, ವಾಟ್ಸಾಪು ಎಲ್ಲ ಆಮೇಲೆ ನೆನಪಿಸುವುದಕ್ಕೆ. ಹೇಳಿಕೆ ಆಗದವರು ಬರುವುದಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳುವುದೂ ಇಲ್ಲ.

ಮದುವೆ ಎಡಪ್ಪಳ್ಳಿಯ ಒಂದು ಹಾಲ್‌ನಲ್ಲಿ. ಹುಡುಗ ಅಭಿಜಿತ್, ಕೊಚ್ಚಿಯವನೇ. ಹೇಳಿಕೆಯ ಪಟ್ಟಿಯನ್ನು ಡೇಟಾಬೇಸಿನಿಂದಲೇ ತೆಗೆಯುವುದು ಎಂದು ನಾನು ಘೋಷಿಸಿದೆ. ಎರಡೂ ಟೇಬಲ್ ಜೋಡಿಸಿ, ಯಾವ ಮನೆ, ಯಾವ ಬೀದಿ, ಯಾರ್ಯಾರು ಎಂದು ಪ್ರಶ್ನೆ ಹಾಕಿದೆ. ಗುಂಡಿ ಒತ್ತಿದ್ದೇ ತಡ, ಪಟ್ಟಿ ಬಂದು ನಿಂತಿತು. ಕಣ್ಣು ಮಿಟುಕಿಸಿದ್ದರೆ ನೋಡಲು ಸಿಗುತ್ತಿರಲಿಲ್ಲ, ಅಷ್ಟು ವೇಗ. ಅಡಿಯಲ್ಲಿ 611 ಎಂದಿತ್ತು. ಜನರ ಟೇಬಲಿನಲ್ಲಿ 612 ಇದ್ದದ್ದು ನನಗೆ ಗೊತ್ತಿತ್ತು. ಜೋಡಿಸುವ ಮೊದಲು ಎಷ್ಟು, ಜೋಡಿಸಿದ ಮೇಲೆ ಎಷ್ಟು ಎಂದು ಯಾವಾಗಲೂ ನೋಡಿ ಎಂದು ಟೀಚರ್ ನೂರು ಸಲ ಹೇಳಿದ್ದೂ ನೆನಪಿತ್ತು. ಒಂದು ತಾನೆ, ಅದು ನಾನೇ ಇರಬೇಕು, ನನ್ನನ್ನು ನಾನು ಕರೆಯಬೇಕಾಗಿಲ್ಲವಲ್ಲ ಎಂದುಕೊಂಡೆ. ಪಟ್ಟಿಯಲ್ಲಿ ಗಣೇಶ ಪ್ರಸಾದ್ ಎಂದು ನನ್ನ ಹೆಸರೂ ಇತ್ತು. ಅದನ್ನು ನೋಡಲಿಲ್ಲ.

ಹೇಳಿಕೆಗೆ ಹೋದ ಹನ್ನೆರಡು ದಿನದಲ್ಲಿ ಒಂದು ದಿನ ಆಲುವದ್ದು. ಅಲ್ಲಿ ಪಟ್ಟಿಯಲ್ಲಿ ಎರಡು ಮನೆ. ಎರಡನೆಯದು ಮುಗಿಸಿ ಆಟೋದಲ್ಲಿ ಮೆಟ್ರೋ ಸ್ಟೇಷನ್ನಿನ ಕಡೆಗೆ ಬರುವಾಗ ಮಾರ್ಕೆಟ್ಟಿನ ಹಿಂದಿನ ರಸ್ತೆ ಬಂತು. ಧನಶ್ರೀ ಹೊರಗೆ ನೋಡುತ್ತ, ಇಲ್ಲಿ ನಿಮ್ಮವರು ಇನ್ನೂ ಯಾರೋ ಇದ್ದರಲ್ಲವೇ ಎಂದಳು. ನಾನು ಪಟ್ಟಿಯನ್ನು ಅವಳ ಮುಖದ ಮುಂದೆ ಹಿಡಿದು, ಮನುಷ್ಯ ಮರೆಯಬಹುದು, ಇದು ಮರೆಯುವುದಿಲ್ಲ ಎಂದೆ. ಆಟೋ ಮುಂದೆ ಹೋಯಿತು. ಎರಡನೆಯ ಮಹಡಿಯಲ್ಲಿ ಚಂದ್ರಕ್ಕನ ಕಿಟಕಿ ತೆರೆದಿತ್ತೋ ಮುಚ್ಚಿತ್ತೋ ಎಂದು ಎಷ್ಟು ನೆನಪಿಸಿಕೊಂಡರೂ ಈಗ ಗೊತ್ತಾಗುವುದಿಲ್ಲ.

ಮದುವೆಗೆ ಒಂಬತ್ತು ದಿನ ಇರುವಾಗ ಕೊಚ್ಚಿಯಿಂದ ವಕೀಲ ಕೃಷ್ಣಾನಂದನ ಫೋನು ಬಂತು. ಅವನೂ ಒಂದು ಕಾಲಕ್ಕೆ ಚಂದ್ರಕ್ಕನ ಮನೆಯಲ್ಲಿ ಉಂಡವನೇ.

“ಗಣೇಶಣ್ಣ, ಚಂದ್ರಕ್ಕನಿಗೆ ಹೇಳಿಕೆ ಆಗ್ಲಿಲ್ವಾ?”

“ಆಗದೆ ಎಂತ? ಎಲ್ರಿಗೂ ಆಗಿದೆ.”

“ಅಲ್ಲ, ಆ ದಿನಕ್ಕೇ ಅವ್ರು ತ್ರಿಶೂರಿಗೆ ಟಿಕೆಟ್ ಮಾಡಿದ್ದಾರೆ. ಅಲ್ಲಿ ಎಂತ ಕೆಲಸ ಅಂತ ಕೇಳಿದ್ರೆ ಎಂತದೂ ಇಲ್ಲ ಅಂದ್ರು.”

ಅಂದರೆ, ಮದುವೆಗೆ ಯಾಕೆ ಬರಲಿಲ್ಲ ಎಂದು ಜನ ಕೇಳಿದರೆ ಹೇಳುವುದಕ್ಕೊಂದು ಊರು ಬೇಕಲ್ಲ, ಅದಕ್ಕಾಗಿ ತ್ರಿಶೂರು. ನನ್ನ ಮಾನ ಉಳಿಸುವುದಕ್ಕೆ ಅವಳು ಟಿಕೆಟ್ ಮಾಡಿದ್ದಳು.

ಆ ಶನಿವಾರ ನಾನು ಟೀಚರ್ ಮುಂದೆ ಲ್ಯಾಪ್‌ಟಾಪ್ ತೆರೆದಿಟ್ಟು, ನಿಮ್ಮ ಸಾಫ್ಟ್‌ವೇರು ನನ್ನ ಅಕ್ಕನನ್ನು ಮರೆತಿದೆ ಎಂದು ಜಗಳಕ್ಕೆ ನಿಂತೆ. ಅವರು ಎರಡು ನಿಮಿಷ ನೋಡಿದರು.

“ಪ್ರಸಾದ್ ಸಾರೇ, ಅದು ಮರೆಯಲಿಲ್ಲ,” ಎಂದರು. “ನೀವು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿದೆ. ನೀವು ಮನೆ ಇರುವವರನ್ನು ಮಾತ್ರ ಕೇಳಿದಿರಿ.”

ಎರಡು ಟೇಬಲ್ ಜೋಡಿಸಿದಾಗ ಎರಡೂ ಕಡೆ ಜೊತೆ ಸಿಕ್ಕವರು ಮಾತ್ರ ಪಟ್ಟಿಗೆ ಬರುತ್ತಾರಂತೆ. ಜೊತೆ ಸಿಗದವರನ್ನು ಅದು ಅಳಿಸುವುದಿಲ್ಲ, ತಪ್ಪಾಗಿದೆ ಎಂದು ಕೆಂಪು ಅಕ್ಷರದಲ್ಲಿ ಹೇಳುವುದೂ ಇಲ್ಲ. ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಇದನ್ನು ಬರೆದವನು ಕಾಸರಗೋಡಿನವನೇ ಇರಬೇಕು ಎಂದೆ ನಾನು. ಟೀಚರಿಗೆ ಅರ್ಥವಾಗಲಿಲ್ಲ. ಅವರು ಜೋಡಿಸುವ ಗೆರೆಯ ಮೇಲೆ ಎರಡು ಸಲ ಒತ್ತಿ ಬೇರೊಂದು ಬಗೆಯನ್ನು ಆರಿಸಿದರು: ಮನೆ ಸಿಗಲಿ, ಸಿಗದಿರಲಿ, ಜನರೆಲ್ಲ ಬರಲಿ. 612. ಕೊನೆಯ ಸಾಲಿನಲ್ಲಿ ಚಂದ್ರಕ್ಕ ಬಂದಳು, ಪಕ್ಕದಲ್ಲಿ ಬಿಳಿ ಚೌಕ.

ಮರುದಿನ ಬೆಳಗಿನ ರೈಲು ಹಿಡಿದು ಆಲುವಕ್ಕೆ ಹೋದೆ, ಒಬ್ಬನೇ, ಲ್ಯಾಪ್‌ಟಾಪ್ ಹಿಡಿದುಕೊಂಡು. ತಪ್ಪು ಯಂತ್ರದ್ದು ಎಂದು ಸಾಕ್ಷಿ ಸಮೇತ ಸಾಬೀತು ಮಾಡುವ ಯೋಚನೆ ಇತ್ತು. ಚಂದ್ರಕ್ಕ ಬಾಗಿಲು ತೆರೆದು, ಬಾ ಎಂದು ಕೂರಿಸಿ, ಕಟ್ಟನ್ ಚಾಯ ಇಟ್ಟಳು. ನನಗೆ ಹಾಲಿಲ್ಲದ ಚಾ ರೂಢಿಯಾದದ್ದೇ ಆ ಮನೆಯಲ್ಲಿ. ನಾನು ಟೇಬಲು, ಗೆರೆ, ಜೋಡಣೆ ಎಂದು ಕಾಲು ಗಂಟೆ ಉಪನ್ಯಾಸ ಮಾಡಿದೆ. ಅವಳು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿದಳು.

“ಇದು ನಾನಾ?”

“ಹೌದು.”

“ಇಲ್ಲಿ ಎಂತ ಬರೀಬೇಕಿತ್ತು?”

“ಮನೆ.”

“ಇದನ್ನು ಖಾಲಿ ಬಿಟ್ಟದ್ದು ಈ ಯಂತ್ರವಾ?”

ನಾನು ಜೀವಮಾನದಲ್ಲಿ ಹೇಳಿದ ಸುಳ್ಳುಗಳನ್ನು ಸಾಲಾಗಿ ನಿಲ್ಲಿಸಿದರೆ ವಿಳಿಂಜಂ ಬಂದರಿನ ಕಂಟೇನರುಗಳಿಗಿಂತ ಹೆಚ್ಚಾದಾವು. ಆ ಹೊತ್ತಿಗೆ ಒಂದೂ ಬಾಯಿಗೆ ಬರಲಿಲ್ಲ.

“ಅಲ್ಲ. ನಾನು. ನಿನ್ನತ್ರ ಕೇಳ್ಲಿಕ್ಕೆ ಮುಜುಗರ ಆಯ್ತು.”

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. “ಮೂವತ್ತನಾಲ್ಕು ವರ್ಷ ಎಲ್ಲರಿಗೂ ಅದೇ ಮುಜುಗರ. ಕೇಳಿದ್ರೆ ಹೇಳ್ತಿದ್ದೆ ಮಾರಾಯ. ಹೇಳ್ಬಾರ್ದು ಅಂತ ಎಂತದೂ ಇರ್ಲಿಲ್ಲ.”

“ಈಗ ಕೇಳ್ತೇನೆ. ಯಾವ ಮನೆ ಅಂತ ಹಾಕ್ಲಿ?”

“ಈಗ ನಾನೇ ಹೇಳಿದ್ರೆ ಹಾಕ್ತೀಯ. ಅದರಲ್ಲಿ ಎಂತ ಉಂಟು?” ಎಂದಳು. “ಮತ್ತೆ, ಒಬ್ಬನೇ ಬಂದದ್ದು ಹೇಳಿಕೆಗೆ ಅಲ್ಲ, ತಪ್ಪು ಒಪ್ಪಿಕೊಳ್ಳಿಕ್ಕೆ. ಅದು ಆಯ್ತು. ಚಾ ಆರ್ತದೆ, ಕುಡಿ. ಆ ದಿನ ನಾನು ತ್ರಿಶೂರಿಗೆ ಹೋಗುದು.”

ಕೋಪದಲ್ಲಿ ಹೇಳಿದ್ದರೆ ವಾದಿಸಬಹುದಿತ್ತು. ಅವಳು ಬಾಳೆಹಣ್ಣಿನ ತಟ್ಟೆ ಮುಂದಿಡುತ್ತ ಹೇಳಿದಳು. ಮೇಧಾಳಿಗೆ ಎಂಥ ಸೀರೆ ತೆಗೆದಿರಿ ಎಂದೂ ಕೇಳಿದಳು.

ಹಿಂದಿರುಗುವ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ನಾನು ಮನೆ ಹುಡುಕಿದೆ. ಅವಳು ಹುಟ್ಟಿದ ಮನೆ, ಅವಳನ್ನು ಕೊಟ್ಟ ಮನೆ. ಎರಡನ್ನೂ ಆ ಚೌಕದಲ್ಲಿ ಇಟ್ಟು ನೋಡಿದೆ, ಎರಡೂ ಕೂರಲಿಲ್ಲ. ಕೊಲ್ಲಂ ದಾಟುವಾಗ ಇದ್ದಕ್ಕಿದ್ದಂತೆ ಆ ಎರಡು ಕೋಣೆಯ ನಡುವಿನ ಇಕ್ಕಟ್ಟು ಜಾಗ ನೆನಪಾಯಿತು. ನನ್ನ ಚಾಪೆ ಅಲ್ಲಿ. ತಲೆಯ ಹತ್ತಿರ ಅಕ್ಕಿಯ ಡಬ್ಬ, ಅದರ ಮೇಲೆ ನನ್ನ ಪಿಎಸ್‌ಸಿ ಪುಸ್ತಕಗಳು. ಪಕ್ಕದ ಚಾಪೆಯಲ್ಲಿ ಒಮ್ಮೆ ಕೃಷ್ಣಾನಂದ, ಒಮ್ಮೆ ಗರ್ಭಿಣಿ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿ ಬಂದ ಮಹೇಶ್ವರ ಮಾವ. ನರ್ಸಿಂಗ್ ಕಲಿಯಲು ಬಂದ ಪ್ರೇಮ ಎರಡು ವರ್ಷ ಒಳಕೋಣೆಯಲ್ಲಿ. ಅಷ್ಟು ಜನ ಉಂಡು ಮಲಗಿದ್ದು ಮನೆಯಲ್ಲದಿದ್ದರೆ ಮತ್ತೆ ಯಾವುದು? ಮನೆಗಳ ಟೇಬಲ್ ಮಾಡಿದವನು ನಾನು. ನೂರ ನಲವತ್ತೆಂಟು ಮನೆ ಬರೆದವನಿಗೆ ತಾನು ಮಲಗಿದ್ದ ಮನೆ ಬರೆಯಲು ತೋಚಿರಲಿಲ್ಲ, ಯಾಕೆಂದರೆ ಅದರ ಯಜಮಾನನ ಕಾಲಮಿನಲ್ಲಿ ಹಾಕುವುದಕ್ಕೆ ಗಂಡಸು ಇರಲಿಲ್ಲ.

ಟೀಚರ್ ಹತ್ತಿರ ಓಡಿದೆ. ಒಬ್ಬ ಮನುಷ್ಯನಿಗೆ ಒಂದೇ ಮನೆ ಎಂದು ನಾನು ಮೊದಲೇ ಕಟ್ಟಿಬಿಟ್ಟಿದ್ದೆ. ನನ್ನನ್ನು ಆಲುವಕ್ಕೆ ಸೇರಿಸಿದರೆ ಬೈಲುಮೂಲೆಯಿಂದ ಕಳಚಿಹೋಗುತ್ತಿದ್ದೆ. ನಡುವೆ ಮೂರನೆಯ ಟೇಬಲ್ ಬೇಕು ಎಂದರು ಅವರು. ಯಾರು, ಯಾವ ಮನೆಯಲ್ಲಿ, ಯಾವಾಗಿನಿಂದ, ಯಾವಾಗಿನವರೆಗೆ. ಆಗ ಒಬ್ಬರು ಎಷ್ಟು ಮನೆಗಳವರೂ ಆಗಬಹುದು. ಬ್ರಹ್ಮನಿಗೂ ತೋಚದ ಈ ಟೇಬಲನ್ನು ನಾನೊಬ್ಬನೇ ಒಂದು ಮಧ್ಯಾಹ್ನದಲ್ಲಿ ಕಟ್ಟಿದೆ. ಟೀಚರ್ ಪಕ್ಕದಲ್ಲಿ ಕೂತು ಯಾವ ಗುಂಡಿ ಎಂದು ತೋರಿಸಿದರು, ಅಷ್ಟೆ. ಆಮೇಲೆ ನಾಲ್ಕು ದಿನ ಫೋನು ಹಿಡಿದು ಕೂತೆ: ನೀವು ಆಲುವದಲ್ಲಿ ಇದ್ದದ್ದು ಯಾವ ವರ್ಷ, ಎಷ್ಟು ತಿಂಗಳು, ನಿಮ್ಮ ಜೊತೆ ಇನ್ನು ಯಾರಿದ್ದರು. ಕೇಳಿದವರೆಲ್ಲ ಮೊದಲು ನಕ್ಕರು, ಆಮೇಲೆ ವರ್ಷ ಎಣಿಸತೊಡಗಿದರು. ಹದಿನೇಳು ಜನ ಸಿಕ್ಕರು. ಸಾವಿರ ಎಂದು ಹೇಳಲು ನನಗೇನೂ ಕಷ್ಟವಿಲ್ಲ, ಆದರೆ ಹದಿನೇಳು.

ಮದುವೆಗೆ ಮೂರು ದಿನ ಇರುವಾಗ ನಾನೂ ಧನಶ್ರೀಯೂ ಆಲುವಕ್ಕೆ ಹೋದೆವು. ಅವಳು ರೇಷ್ಮೆ ಸೀರೆ ಉಟ್ಟು, ಕುಂಕುಮದ ಬಟ್ಟಲು, ಅಕ್ಷತೆ ಹಿಡಿದಿದ್ದಳು. ನನ್ನ ಕೈಯಲ್ಲಿ ಒಂದೇ ಒಂದು ಹಾಳೆ. ಚಂದ್ರಕ್ಕ ಬಾಗಿಲು ತೆರೆದಳು. ನಾನು ಒಳಗೆ ಹೋಗದೆ ಹೊಸ್ತಿಲಿನ ಹೊರಗೇ ನಿಂತು, ಕೈಮುಗಿದು ಹೇಳಿದೆ.

“ಆಲುವದ ಚಂದ್ರಾವತಿಯಕ್ಕನ ಮನೆಯವರೆಲ್ಲ ಬಂದು ಮದುವೆ ನಡೆಸಿಕೊಡಬೇಕು.”

“ಹಾಗೊಂದು ಮನೆ ಉಂಟಾ?”

ನಾನು ಹಾಳೆ ಕೊಟ್ಟೆ. ಮೇಲೆ ಮನೆಯ ಹೆಸರು, ಯಜಮಾನಿ ಚಂದ್ರಾವತಿ, ಕೆಳಗೆ ಹದಿನೇಳು ಸಾಲು. ಅವಳು ನಿಂತುಕೊಂಡೇ ಓದತೊಡಗಿದಳು. ಮೆಟ್ಟಿಲಿನಲ್ಲಿ ಯಾರೋ ಇಳಿದುಹೋದರು. ಧನಶ್ರೀ ನಡುವೆ ಬಾಯಿ ಹಾಕಿದಳು.

“ನಾಲ್ಕು ದಿನದಿಂದ ನಿಮ್ಮ ತಮ್ಮಂಗೆ ನಿದ್ದೇನೇ ಇಲ್ಲ ಅಕ್ಕಾ. ಮಧ್ಯಾಹ್ನದ್ದು.”

ಚಂದ್ರಕ್ಕನ ತುಟಿ ಸ್ವಲ್ಪ ಅಲುಗಿತು. ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು. “ಹದಿನೆಂಟು ಆಗ್ಬೇಕು. ಕೌಸಲ್ಯಾ ಅತ್ತೆ ಇಲ್ಲ ಇದರಲ್ಲಿ.”

“ಯಾವ ಕೌಸಲ್ಯಾ ಅತ್ತೆ?”

“ನನ್ನ ಅತ್ತೆ. ಗಂಡನ ಅಮ್ಮ. ಎರಡು ಸಾವಿರದ ಮೂರನೇ ಇಸವಿ, ಎರ್ನಾಕುಳಂನಲ್ಲಿ ರೇಡಿಯೇಷನ್ ಕೊಡ್ಲಿಕ್ಕೆ. ಮಗ ಬಸ್ ಹತ್ತಿಸಿ ಹೋದ. ಮೂರು ತಿಂಗಳು ಇಲ್ಲಿಯೇ ಇದ್ರು, ಒಳಕೋಣೆಯಲ್ಲಿ. ಯಾರೂ ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.”

ಬಿಟ್ಟು ಬಂದ ಮನೆಯೇ ಬಂದು ಅವಳ ಮನೆಯಲ್ಲಿ ಮಲಗಿತ್ತು. ನಮ್ಮ ಯಾರ ನೋಟ್‌ಬುಕ್ಕಿನಲ್ಲೂ ಅದು ಇರಲಿಲ್ಲ, ಅವಳದ್ದರಲ್ಲೂ. ನಾನು ಪೆನ್ನು ತೆಗೆದು ಹಾಳೆಯ ಅಡಿಯಲ್ಲಿ ಹದಿನೆಂಟನೆಯ ಸಾಲು ಬರೆದೆ: ಕೌಸಲ್ಯಾ, 2003ರಿಂದ 2003ರವರೆಗೆ. ಧನಶ್ರೀ ಅವಳ ಹಣೆಗೆ ಕುಂಕುಮ ಇಟ್ಟಳು. ಅವಳು ಬೇಡ ಎನ್ನಲಿಲ್ಲ.

“ಮತ್ತೆ, ತ್ರಿಶೂರು?” ನಾನು ಕೇಳಿದೆ.

“ತ್ರಿಶೂರು ಎಲ್ಲಿಗೂ ಹೋಗುದಿಲ್ಲ. ಮೆಟ್ರೋದಲ್ಲಿ ಎಡಪ್ಪಳ್ಳಿಗೆ ಎಂಟು ಸ್ಟೇಷನ್, ಬರ್ತೇನೆ. ನೀನು ಕಾರು ಗೀರು ಕಳಿಸ್ಬೇಡ.” ಅವಳು ಮತ್ತೆ ಹಾಳೆ ನೋಡುತ್ತಿದ್ದಳು. “ಇದೆಂತ, ನಿನ್ನ ಹೆಸರಿನ ಮುಂದೆ?”

“ನಾನು ಇಲ್ಲಿ ಬಂದದ್ದು, ಹೋದದ್ದು. ತೊಂಬತ್ತೊಂದರಿಂದ ತೊಂಬತ್ತಮೂರರವರೆಗೆ.”

“ಈ ಹೋದದ್ದನ್ನು ಬರೀಲೇಬೇಕಾ? ಬರೀದಿದ್ರೆ ಅದು ತಕೊಳ್ಳುದಿಲ್ವಾ?”

“ತಕೊಳ್ತದೆ. ಅದು ಕಡ್ಡಾಯ ಅಲ್ಲ. ಖಾಲಿ ಬಿಟ್ರೆ, ಇನ್ನೂ ಈ ಮನೆಯಲ್ಲೇ ಇದ್ದಾರೆ ಅಂತ ಲೆಕ್ಕ.”

ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ತೊಂಬತ್ತಮೂರರ ಮೇಲೆ ಅಡ್ಡ ಒಂದು ಗೆರೆ ಎಳೆದಳು, ಟೈಪಿಸ್ಟಿನ ನೇರ ಗೆರೆ.

“ಇದನ್ನು ಖಾಲಿ ಬಿಡು,” ಎಂದು ಹಾಳೆಯನ್ನು ನನಗೆ ಕೊಟ್ಟು, ಹಾಲಿಲ್ಲದ ಚಾ ಧನಶ್ರೀಗೆ ಆಗುತ್ತದೋ ಇಲ್ಲವೋ ಎಂದು ಕೇಳುತ್ತ ಒಳಗೆ ಹೋದಳು.